ಬೆರಳ ತುದಿಗೆ ಅಕ್ಷರವಿತ್ತ ಲೂಯಿ ಬ್ರೈಲ್

ಅಂಧ ವಿದ್ಯಾರ್ಥಿಗೆ ಪರರು ಓದಿ ಹೇಳುವುದು ಉಪಕಾರವೇ ಸರಿ. ಆದರೆ ಓದುವವರು ಎದ್ದು ಹೋದೊಡನೆ ಅವನ ಪಾಲಿಗೆ ಪುಸ್ತಕವೂ ಮುಚ್ಚಿಹೋಗುತ್ತದೆ. ತಾನೇ ಓದಿ, ತಾನೇ ಬರೆದು, ಬರೆದುದನ್ನು ತಾನೇ ತಿದ್ದಿಕೊಳ್ಳಬಲ್ಲವನು ವಿದ್ಯೆಯಲ್ಲಿ ಸ್ವತಂತ್ರನು. ಈ ಸ್ವಾತಂತ್ರ್ಯವನ್ನು ಜಗತ್ತಿನ ಅಂಧರಿಗೆ ದೊರಕಿಸಿಕೊಟ್ಟವರು ಸ್ವತಃ ಅಂಧರಾಗಿದ್ದ ಲೂಯಿ ಬ್ರೈಲ್ ಅವರು.

ಫ್ರಾನ್ಸಿನ ರಾಜಧಾನಿ ಪ್ಯಾರಿಸ್ಸಿನ ಪೂರ್ವಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿರುವ ಕೂವ್ರೇ ಎಂಬ ಗ್ರಾಮದಲ್ಲಿ 1809ರ ಜನವರಿ 4ರಂದು ಅವರು ಜನಿಸಿದರು. ತಂದೆ ಕುದುರೆಯ ಜೀನು ಲಗಾಮುಗಳನ್ನು ಮಾಡುವ ಕುಶಲಕರ್ಮಿ. ಮೂರನೆಯ ವಯಸ್ಸಿನಲ್ಲಿ ತಂದೆಯ ಕೆಲಸದ ಕೋಣೆಯಲ್ಲಿ ಆಡುತ್ತಿದ್ದಾಗ ತೊಗಲು ಚುಚ್ಚುವ ಚೂಪಾದ ಉಪಕರಣವೊಂದು ಮಗುವಿನ ಕಣ್ಣಿಗೆ ನಾಟಿತು. ನಂಜು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ವರ್ಷವಾಗುವ ಹೊತ್ತಿಗೆ ದೃಷ್ಟಿ ಪೂರ್ಣವಾಗಿ ನಂದಿತು. ಆದರೂ ತಂದೆತಾಯಿಗಳು ಮಗನನ್ನು ಮೂಲೆಯಲ್ಲಿ ಕೂಡಿಸದೆ ಇತರ ಮಕ್ಕಳೊಡನೆ ಊರ ಶಾಲೆಗೆ ಕಳುಹಿಸಿದರು. 1819ರಲ್ಲಿ ಪ್ಯಾರಿಸ್ಸಿನ ಅಂಧ ಬಾಲಕರ ವಿದ್ಯಾಲಯದಲ್ಲಿ ಪ್ರವೇಶ ದೊರೆಯಿತು.

ಆ ವಿದ್ಯಾಲಯವನ್ನು ಸ್ಥಾಪಿಸಿದ ವ್ಯಾಲೆಂಟಿನ್ ಹಾಯಿ ಅವರು ಸಾಮಾನ್ಯ ಲಿಪಿಯನ್ನೇ ಕಾಗದದ ಮೇಲೆ ಉಬ್ಬಿಸಿ ಪುಸ್ತಕಗಳನ್ನು ಸಿದ್ಧಪಡಿಸಿದ್ದರು. ಅದು ಸದುದ್ದೇಶದ ಕಾರ್ಯ. ಆದರೆ ಕಣ್ಣಿಗಾಗಿ ರೂಪುಗೊಂಡ ಅಕ್ಷರಗಳು ಬೆರಳಿಗೆ ಸುಲಭವಾಗಿ ನಿಲುಕಲಿಲ್ಲ. ಗ್ರಂಥಗಳು ಅತಿ ಭಾರ, ಓದು ಅತಿ ನಿಧಾನ. ಆ ಲಿಪಿಯಲ್ಲಿ ಬರೆಯುವ ಮಾತಂತೂ ದೂರವೇ ಉಳಿಯಿತು. 1821ರಲ್ಲಿ ಬಾರ್ಬಿಯೇ ಎಂಬ ಸೇನಾಧಿಕಾರಿಗಳು ರೂಪಿಸಿದ ಚುಕ್ಕಿಗಳ ಲಿಪಿ ವಿದ್ಯಾಲಯಕ್ಕೆ ಬಂದಿತು. ಅದರ ಚಿಹ್ನೆಗೆ ಹನ್ನೆರಡು ಚುಕ್ಕಿಗಳವರೆಗೆ ಬೇಕಾಗಿದ್ದು, ಬೆರಳ ತುದಿ ಅವನ್ನು ಒಮ್ಮೆಗೇ ಗ್ರಹಿಸಲಾರದಾಯಿತು. ಬಾಲಕ ಬ್ರೈಲ್ ಆ ತತ್ತ್ವವನ್ನು ಸ್ವೀಕರಿಸಿ, ದೋಷವನ್ನು ನಿವಾರಿಸಲು ತೊಡಗಿದರು. 1824ರ ವೇಳೆಗೆ, ಹದಿನೈದರ ಹರೆಯದಲ್ಲಿ, ಎರಡು ಸಾಲು, ಸಾಲಿಗೆ ಮೂರರಂತೆ ಆರೇ ಚುಕ್ಕಿಗಳ ಲಿಪಿ ಸಿದ್ಧವಾಯಿತು. ಆರು ಚುಕ್ಕಿಗಳಿಂದ 63 ಚಿಹ್ನೆಗಳು. ಪ್ರತಿಯೊಂದೂ ಬೆರಳ ಒಂದೇ ಸ್ಪರ್ಶಕ್ಕೆ ತಿಳಿಯುವಂತಹುದು. ಬರೆಯಲು ಒಂದು ಪಟ್ಟಿ, ಒಂದು ಮೊಳೆ ಸಾಕು. ಬಲದಿಂದ ಎಡಕ್ಕೆ ಚುಚ್ಚಿ, ಹಾಳೆಯನ್ನು ಮಗುಚಿ ಎಡದಿಂದ ಬಲಕ್ಕೆ ಓದಬಹುದು. 1829ರಲ್ಲಿ ಈ ಕ್ರಮವನ್ನು ಅವರು ಗ್ರಂಥರೂಪದಲ್ಲಿ ಪ್ರಕಟಿಸಿದರು.

ಬ್ರೈಲ್ ಅದೇ ವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚರ್ಚಿನಲ್ಲಿ ಆರ್ಗನ್ ವಾದಕರೂ ಆಗಿದ್ದರು. ಅಂಧರು ಕಣ್ಣುಳ್ಳವರಿಗೆ ಪತ್ರ ಬರೆಯುವಂತಾಗಲೆಂದು 1839ರಲ್ಲಿ ಚುಕ್ಕಿಗಳಿಂದಲೇ ಸಾಮಾನ್ಯ ಅಕ್ಷರಗಳನ್ನು ಮೂಡಿಸುವ ಇನ್ನೊಂದು ಕ್ರಮವನ್ನು ರಚಿಸಿದರು. ಅಂಧರೇ ಆದ ಮಿತ್ರ ಪಿಯರ್ ಫೂಕೋ ಅದಕ್ಕೊಂದು ಯಂತ್ರವನ್ನು ನಿರ್ಮಿಸಿದರು.

ಆದರೆ ತಾವು ಓದಲಾರದ ಲಿಪಿಯನ್ನು ಕಣ್ಣುಳ್ಳ ಅಧಿಕಾರಿಗಳು ಸುಲಭವಾಗಿ ಒಪ್ಪಲಿಲ್ಲ. 1840ರಲ್ಲಿ ಬಂದ ಮುಖ್ಯಸ್ಥರು ಅದನ್ನು ತರಗತಿಗಳಿಂದ ಹೊರಗಿಟ್ಟರು. ವಿದ್ಯಾರ್ಥಿಗಳು ಮಾತ್ರ ಅದನ್ನು ಬಿಡದೆ ಗುಟ್ಟಾಗಿ ಬಳಸಿದರು. 1844ರಲ್ಲಿ ನೂತನ ಕಟ್ಟಡದ ಉದ್ಘಾಟನೆಯಂದು ಲಿಪಿಯ ಸಾಮರ್ಥ್ಯವು ಸಭಿಕರೆದುರು ಸಿದ್ಧವಾಯಿತು. ಕ್ಷಯರೋಗದಿಂದ ಬಳಲಿದ ಬ್ರೈಲ್ 1852ರ ಜನವರಿ 6ರಂದು, 43ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ವಿದ್ಯಾಲಯದ ಅಧಿಕೃತ ಮನ್ನಣೆ ದೊರೆತುದು ಎರಡು ವರ್ಷಗಳ ತರುವಾಯ. 1952ರಲ್ಲಿ ಅವರ ಅಸ್ಥಿಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯನ್ ಮಂದಿರಕ್ಕೆ ಒಯ್ಯಲಾಯಿತು. ಕೈಗಳ ಅಸ್ಥಿ ಮಾತ್ರ ಹುಟ್ಟೂರಿನಲ್ಲಿಯೇ ಉಳಿಯಿತು.

ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತೀ ಬ್ರೈಲ್ 1951ರಲ್ಲಿ ರೂಪುಗೊಂಡಿತು. ನಮ್ಮ ಕನ್ನಡದ ‘ಕ’ಕಾರವೂ ಅದರಲ್ಲಿ ಒಂದನೆಯ ಮತ್ತು ಮೂರನೆಯ ಚುಕ್ಕಿಗಳಿಂದ ಮೂಡುತ್ತದೆ. ಇಂದು ಪುಸ್ತಕವನ್ನು ಧ್ವನಿಯಾಗಿಸುವ ಗಣಕಯಂತ್ರಗಳಿವೆ. ಸಣ್ಣ ಮೊಳೆಗಳನ್ನು ಮೇಲೆತ್ತಿ ಸಾಲುಸಾಲಾಗಿ ಬ್ರೈಲ್ ತೋರುವ ಉಪಕರಣಗಳೂ ಇವೆ. ಧ್ವನಿ ಅರ್ಥವನ್ನು ತಿಳಿಸೀತು; ಕಾಗುಣಿತ, ಒತ್ತಕ್ಷರಗಳ ರೂಪ ಮನಸ್ಸಿನಲ್ಲಿ ನೆಲೆಗೊಳ್ಳುವುದು ಬೆರಳಿನಿಂದ ಓದಿದಾಗಲೇ. ಆದುದರಿಂದ ಅಂಧ ವಿದ್ಯಾರ್ಥಿಗಾಗಿ ಉಪಕರಣ ಕೊಳ್ಳುವ ದಾನಿಗಳೂ, ಅದನ್ನು ಕಲಿಸುವ ಗುರುಗಳೂ, ಅದು ತಮಗೆ ಅನುಕೂಲವೋ ಎಂದು ನೋಡುವ ಮೊದಲು ಅವನ ಬೆರಳಿಗೆ ಒಪ್ಪುವುದೋ ಎಂದು ಅವನನ್ನೇ ಕೇಳುವುದು ಲೇಸು. ಹದಿನೈದರ ಬಾಲಕನೊಬ್ಬನು ವಿದ್ವಾಂಸರಿಗೆ ಹೊಳೆಯದುದನ್ನು ಸಾಧಿಸಿದ್ದು ತನ್ನ ಬೆರಳಿನ ಅನುಭವವನ್ನು ನಂಬಿದುದರಿಂದಲೇ.