ಕುಮಾರಿ ಮೇರಿ ಕಾರ್ಪೆಂಟರ್ ಅವರ ಜೀವಿತ

ನಿರಾಶ್ರಿತರಾದ ಮಕ್ಕಳನ್ನೂ ತಪ್ಪುದಾರಿ ಹಿಡಿದ ಮಕ್ಕಳನ್ನೂ ಸರ್ಕಾರವು ತನ್ನ ವಶಕ್ಕೆ ತೆಗೆದುಕೊಂಡಾಗ ಅವರ ಪಾಲನೆಯು ಹೇಗೆ ನಡೆಯಬೇಕೆಂಬ ವಿಷಯದಲ್ಲಿ ತಮ್ಮ ಆಯುಷ್ಯವನ್ನೇ ಸವೆಸಿದ ಮಹಿಳೆಯೊಬ್ಬರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಅರಿಕೆ ಮಾಡುತ್ತೇವೆ.

ಮೇರಿ ಕಾರ್ಪೆಂಟರ್ ಅವರು 1807ನೆಯ ಇಸವಿಯಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ ಜನಿಸಿದರು. ತಂದೆಯವರು ಸಭಾಪಾಲಕರು. ಕುಟುಂಬವು ಬ್ರಿಸ್ಟಲ್ ನಗರಕ್ಕೆ ಬಂದು ನೆಲಸಿತು. 1833ರಲ್ಲಿ ರಾಜಾ ರಾಮಮೋಹನ ರಾಯರು ಆ ನಗರಕ್ಕೆ ಬಂದು ಅಲ್ಲಿಯೇ ದೈವಾಧೀನರಾದರು. ಅವರ ಪರಿಚಯದಿಂದ ಈಕೆಗೆ ಭಾರತದ ಮೇಲೆ ಆದರವುಂಟಾಯಿತು.

1846ರಲ್ಲಿ ಈಕೆಯು ಬೀದಿಯ ಬಡಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ಚಿಕ್ಕ ಕಳವಿಗೆ ಸಿಕ್ಕಿದ ಮಕ್ಕಳನ್ನೂ ಸೆರೆಮನೆಗೆ ಕಳುಹಿಸುತ್ತಿದ್ದ ಕಾಲವದು. ಸೆರೆಮನೆಯು ಮಗುವನ್ನು ತಿದ್ದಲಾರದು, ಮನೆಯಂತಹ ಶಾಲೆಯೇ ತಿದ್ದಬಲ್ಲದು ಎಂದು 1851ರಲ್ಲಿ ಗ್ರಂಥವನ್ನು ಬರೆದು ಪ್ರತಿಪಾದಿಸಿದರು. 1854ರ ಶಾಸನವು ಇಂತಹ ಸುಧಾರಣಾ ಶಾಲೆಗಳಿಗೆ ಸರ್ಕಾರದ ದ್ರವ್ಯಸಹಾಯವನ್ನೂ ತನಿಖೆಯನ್ನೂ ಏರ್ಪಡಿಸಿತು. ಅದೇ ವರ್ಷ ಕವಿ ಬೈರನ್ನರ ಪತ್ನಿಯು ಕೊಂಡು ವಹಿಸಿಕೊಟ್ಟ ರೆಡ್ ಲಾಡ್ಜ್ ಎಂಬ ಮನೆಯಲ್ಲಿ ಬಾಲಕಿಯರ ಸುಧಾರಣಾಲಯವನ್ನು ಸ್ಥಾಪಿಸಿದರು.

ಆದರೂ ಆ ಶಾಸನದಲ್ಲಿ ಒಂದು ಕುಂದಿತ್ತು. ಮಗುವು ಶಾಲೆಗೆ ಸೇರುವುದಕ್ಕೆ ಮುಂಚೆ 14 ದಿನಗಳಾದರೂ ಸೆರೆವಾಸವನ್ನು ಅನುಭವಿಸಬೇಕಾಗಿತ್ತು. ಇದನ್ನು ಈಕೆಯು ಬಿಡದೆ ವಿರೋಧಿಸಿದರು. ಆ ನಿಯಮವು ರದ್ದಾದದ್ದು 1899ರಲ್ಲಿ. ಅಷ್ಟರಲ್ಲಿ ಈಕೆಯು ಗತಿಸಿ 22 ವರ್ಷಗಳಾಗಿದ್ದವು.

1866ರಲ್ಲಿ, ತಮ್ಮ 59ನೆಯ ವಯಸ್ಸಿನಲ್ಲಿ, ಮೊದಲ ಸಲ ಭಾರತಕ್ಕೆ ಬಂದರು. ಮುಂದೆ ಇನ್ನೂ ಮೂರು ಸಲ ಬಂದರು. ಅಹಮದಾಬಾದ್, ಮದರಾಸು, ಕಲ್ಕತ್ತೆ ಮೊದಲಾದ ಕಡೆ ಶಾಲೆಗಳನ್ನೂ ಸೆರೆಮನೆಗಳನ್ನೂ ಸಂದರ್ಶಿಸಿ, ಅಪರಾಧಿ ಬಾಲಕರಿಗೆ ಪ್ರತ್ಯೇಕ ಶಾಲೆಗಳು ಬೇಕೆಂದೂ ಉಪಾಧ್ಯಾಯಿನಿಯರಿಗೆ ತರಬೇತು ಬೇಕೆಂದೂ ಸರ್ಕಾರಕ್ಕೆ ಬಿನ್ನವಿಸಿದರು. 1876ರಲ್ಲಿ ಇಲ್ಲಿಯೂ ಸುಧಾರಣಾ ಶಾಲೆಗಳ ಶಾಸನವಾಯಿತು. 1877ರ ಜೂನ್ ತಿಂಗಳಲ್ಲಿ ಈಕೆಯು ಬ್ರಿಸ್ಟಲ್ಲಿನಲ್ಲಿ ಕರ್ತನಲ್ಲಿ ನಿದ್ರಿಸಿದರು. ಮೈಸೂರು ಸೀಮೆಯಲ್ಲಿ ಘೋರಕ್ಷಾಮವು ಅಸಂಖ್ಯಾತ ಮಕ್ಕಳನ್ನು ಅನಾಥರನ್ನಾಗಿ ಮಾಡಿದ ಕಾಲವೂ ಅದೇ.

ಶಾಸನವಾದ ಮಾತ್ರಕ್ಕೆ ಮಗುವಿಗೆ ಪಾಲನೆ ದೊರೆಯಿತೆಂದು ತಿಳಿಯಬಾರದು. ಒಳಹೊಕ್ಕು ನೋಡುವವರು ಬೇಕು. ಈ ಜೀವಿತದಿಂದ ನಾವು ಕಲಿಯತಕ್ಕದ್ದು ಇದೇ. 2015ರ ಬಾಲನ್ಯಾಯ ಶಾಸನದ ಮೇರೆಗೆ ತನಿಖಾ ಸಮಿತಿಯು ಮಕ್ಕಳ ಗೃಹಗಳನ್ನು ಮೂರು ತಿಂಗಳಿಗೊಮ್ಮೆಯಾದರೂ ಸಂದರ್ಶಿಸಬೇಕು; ಆ ತಂಡದಲ್ಲಿ ಒಬ್ಬ ಸ್ತ್ರೀಯೂ ಒಬ್ಬ ವೈದ್ಯಾಧಿಕಾರಿಯೂ ಇರಲೇಬೇಕು. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ನಮ್ಮ ಊರಿನ ಎಷ್ಟೋ ತಾಯ್ತಂದೆಗಳು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ಮನೆಯಲ್ಲಿ ಉಳಿದ ಮಕ್ಕಳಲ್ಲಿ ಯಾರಾದರೂ ದಾರಿ ತಪ್ಪಿದರೆ ಅವರು ಸೇರುವುದು ಇಂತಹ ಗೃಹಗಳನ್ನೇ. ಆದುದರಿಂದ ನಮ್ಮಲ್ಲಿ ಓದಿ ವೈದ್ಯರೂ ವಕೀಲರೂ ಉಪಾಧ್ಯಾಯಿನಿಯರೂ ಆಗಿರುವ ಸಹೋದರಿಯರು ಈ ಸಮಿತಿಗಳಲ್ಲಿ ಸೇವೆಗೆ ಕರೆ ಬಂದಾಗ ಹಿಂಜರಿಯಬಾರದೆಂದೂ, ಹೋದಾಗ ದಾಖಲೆ ಪುಸ್ತಕಕ್ಕೆ ರುಜು ಹಾಕಿ ಬಾರದೆ ಅಡಿಗೆಮನೆಯನ್ನೂ ಹಾಸಿಗೆಯನ್ನೂ ನೋಡಿ, ಮಕ್ಕಳ ಮಾತನ್ನು ಕೇಳಿ ಬರಬೇಕೆಂದೂ ಪ್ರಾರ್ಥಿಸುತ್ತೇವೆ.