ಹಗುರತನದ ಬೆನ್ನು ಹತ್ತಿದ ಕಾಲಿನ್ ಚಾಪ್‌ಮನ್

ದೇವಾಪುರ (ಸುರಪುರ ತಾ.): ಎರೆಮಣ್ಣಿನ ಹೊಲದಾರಿ, ಕಾಲುವೆಯ ಏರಿ, ಮಳೆಗಾಲ ಮುಗಿದ ಮೇಲೆ ತಗ್ಗುದಿನ್ನೆಗಳೇ ಉಳಿಯುವ ರಸ್ತೆ. ಇಂತಹ ಸೀಮೆಯಲ್ಲಿ ವಾಹನವೊಂದು ಕಂಪನಿಯಿಂದ ಬಂದಂತೆಯೇ ಉಳಿಯುವುದು ಅಪರೂಪ. ಜೀಪಿನ ಕಮಾನಿಗೆ ಒಂದೆರಡು ಪಾಟಾ ಹೆಚ್ಚಿಸುವುದು, ಕಬ್ಬಿಣದ ತುಂಡು ಕೊಟ್ಟು ಗಾಡಿಯನ್ನು ಎತ್ತರಿಸುವುದು, ಮೂಲ ಸ್ಪ್ರಿಂಗ್ ತೆಗೆದು ಪೇಟೆಯಲ್ಲಿ ಸಿಕ್ಕ ಬೇರೊಂದನ್ನು ಕೂಡಿಸುವುದು ಗ್ಯಾರೇಜುಗಳಿಗೆ ಹೊಸದಲ್ಲ. ಮಹಾನಗರದ ಯುವಕರ ಹಂಬಲ ಇದಕ್ಕೆ ತದ್ವಿರುದ್ಧ. ಅವರಿಗೆ ಕಾರು ನೆಲಕ್ಕೆ ತಾಗುವಷ್ಟು ತಗ್ಗಬೇಕು. ಎತ್ತರಿಸಿದರೂ ತಗ್ಗಿಸಿದರೂ ಕೈ ಬೀಳುವುದು ಒಂದೇ ಅಂಗದ ಮೇಲೆ: ಗಾಲಿಗೂ ಒಡಲಿಗೂ ನಡುವೆ ನಿಂತು ಹೊಡೆತವನ್ನೆಲ್ಲ ಉಣ್ಣುವ ಸಸ್ಪೆನ್ಷನ್.

ಈ ಅಂಗವನ್ನು ಕತ್ತರಿಸಿ, ಜೋಡಿಸಿ, ಮಾರ್ಪಡಿಸಿಯೇ ಜಗತ್ಪ್ರಸಿದ್ಧನಾದವನು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. ಲೋಟಸ್ ಕಾರು ಸಂಸ್ಥೆಯ ಸ್ಥಾಪಕ. ಮೋಟಾರು ಪಂದ್ಯಗಳ ಇತಿಹಾಸದಲ್ಲಿ ಆತನಷ್ಟು ಹೊಸತನ್ನು ತಂದ ಎಂಜಿನಿಯರುಗಳು ಬೆರಳೆಣಿಕೆಯಷ್ಟು. ಆತನ ಕಾರುಗಳಷ್ಟು ಮುರಿಯುವ ಭಯ ಹುಟ್ಟಿಸಿದ ಕಾರುಗಳೂ ಅಷ್ಟೇ ವಿರಳ.

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಲಂಡನ್ನಿಗೆ ಹೊಂದಿಕೊಂಡ ರಿಚ್ಮಂಡ್‌ನಲ್ಲಿ. ಬೆಳೆದದ್ದು ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ, ತಂದೆ ನಡೆಸುತ್ತಿದ್ದ ರೈಲ್ವೆ ಹೋಟೆಲಿನಲ್ಲಿ. 1945ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಸೇರಿ ಕಟ್ಟಡ ಸಂರಚನೆಯ ಎಂಜಿನಿಯರಿಂಗ್ ಓದಿದ. ಸೇತುವೆಯ ಯಾವ ತೊಲೆ ಎಷ್ಟು ಭಾರ ಹೊರುತ್ತದೆ, ಯಾವುದನ್ನು ತೆಗೆದರೂ ಸೇತುವೆ ನಿಲ್ಲುತ್ತದೆ ಎಂಬ ಲೆಕ್ಕದ ವಿದ್ಯೆ ಅದು. ಓದಿನ ಜೊತೆಗೆ ವಿಶ್ವವಿದ್ಯಾಲಯದ ವಾಯುದಳದಲ್ಲಿ ವಿಮಾನ ಹಾರಿಸುವುದನ್ನೂ ಕಲಿತ. ಸಾಮರ್ಥ್ಯ ಕುಂದದಂತೆ ತೂಕವನ್ನು ಹೇಗೆ ಇಳಿಸಬಹುದೆಂಬುದನ್ನು ವಿಮಾನ ಆತನಿಗೆ ತೋರಿಸಿಕೊಟ್ಟಿತು.

ಓದುವಾಗಲೇ ಗೆಳೆಯನೊಬ್ಬನ ಜೊತೆಗೂಡಿ ಹಳೆಯ ಕಾರುಗಳ ವ್ಯಾಪಾರಕ್ಕಿಳಿದಿದ್ದ. ಯುದ್ಧಾನಂತರದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ. 1947ರಲ್ಲಿ ಸಾಮಾನ್ಯ ವಾಹನಗಳ ಪಾಲಿನ ಪೆಟ್ರೋಲ್ ರದ್ದಾದೊಡನೆ ಹಳೆಯ ಕಾರು ಕೊಳ್ಳುವವರು ಇಲ್ಲದಾದರು. ಮಾರಾಟವಾಗದೆ ಉಳಿದ 1930ರ ಒಂದು ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ, ಮರದ ಹಲಗೆ ಮತ್ತು ಅಲ್ಯೂಮಿನಿಯಂ ಹಾಳೆಗಳಿಂದ ಹೊಸ ಒಡಲು ಕಟ್ಟಿ ಪಂದ್ಯಕ್ಕೆ ಸಜ್ಜುಗೊಳಿಸಿದ. ಅದೇ ಮೊದಲ ಲೋಟಸ್. ಕಂಪನಿಯ ಕಾರನ್ನು ಮನೆಯ ಹಿತ್ತಲಲ್ಲಿ ಮಾರ್ಪಡಿಸುವ ಹುಚ್ಚಿನಿಂದಲೇ ಆ ಹೆಸರು ಹುಟ್ಟಿತೆಂಬುದನ್ನು ಮರೆಯಬಾರದು.

ಮುಂದಿನ ಕಾರುಗಳಲ್ಲಿ ಆತನ ಕಣ್ಣು ಮುಂಗಾಲಿಗಳ ಮೇಲೆ ಬಿತ್ತು. ಆ ಕಾಲದ ಅಗ್ಗದ ಕಾರುಗಳಲ್ಲಿ ಎರಡು ಮುಂಗಾಲಿಗಳನ್ನೂ ಒಂದೇ ಗಟ್ಟಿ ಆಕ್ಸಲ್ ಹಿಡಿದಿರುತ್ತಿತ್ತು. ಒಂದು ಗಾಲಿ ತಗ್ಗಿಗೆ ಬಿದ್ದರೆ ಇನ್ನೊಂದೂ ವಾಲುತ್ತಿತ್ತು. ಆಕ್ಸಲನ್ನು ನಟ್ಟನಡುವೆ ಕತ್ತರಿಸಿ, ಕೀಲು ಕೊಟ್ಟು, ಎರಡು ಗಾಲಿಗಳನ್ನೂ ಸ್ವತಂತ್ರವಾಗಿ ಆಡಿಸುವ ಉಪಾಯವನ್ನು ಲೆಸ್ಲಿ ಬ್ಯಾಲಮಿ ಎಂಬ ಎಂಜಿನಿಯರು ಮೊದಲೇ ರೂಢಿಗೆ ತಂದಿದ್ದ. ಚಾಪ್‌ಮನ್ ಅದನ್ನು ತನ್ನದಾಗಿಸಿಕೊಂಡ. 1952ರ ಜನವರಿ 1ರಂದು, ಮುಂದೆ ಆತನ ಕೈಹಿಡಿದ ಹೇಝಲ್ ವಿಲಿಯಮ್ಸ್ ಕೊಟ್ಟ 25 ಪೌಂಡು ಸಾಲದ ಬಲದಲ್ಲಿ, ತಂದೆಯ ಹೋಟೆಲಿನ ಹಿಂದಿದ್ದ ಹಳೆಯ ಲಾಯದಲ್ಲಿ ಲೋಟಸ್ ಎಂಜಿನಿಯರಿಂಗ್ ಸಂಸ್ಥೆ ಆರಂಭವಾಯಿತು.

ಅಲ್ಲಿ ತಯಾರಾದ ಆರನೆಯ ಮಾದರಿ ಪೂರ್ಣ ಕಾರಾಗಿ ಅಲ್ಲ, ಬಿಡಿಭಾಗಗಳ ಗಂಟಾಗಿ ಮಾರಾಟವಾಯಿತು. ಚಾಸಿ, ಮಾರ್ಪಡಿಸಿದ ಆಕ್ಸಲ್, ಸ್ಪ್ರಿಂಗ್‌ಗಳನ್ನು ಸಂಸ್ಥೆ ಕೊಡುತ್ತಿತ್ತು. ಎಂಜಿನ್ ಮುಂತಾದವನ್ನು ಹಳೆಯ ಫೋರ್ಡ್ ಕಾರಿನಿಂದ ಕೊಳ್ಳುಗನೇ ಬಿಚ್ಚಿ ತಂದುಕೊಳ್ಳಬೇಕಿತ್ತು. ಬಿಡಿಭಾಗಗಳಿಗೆ ಖರೀದಿ ತೆರಿಗೆ ಇಲ್ಲದ್ದರಿಂದ ಬೆಲೆಯೂ ಕೈಗೆಟುಕಿತು. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರಿನದೂ ಇದೇ ದಾರಿ. ಜೋಡಣೆಯ ಕೈಪಿಡಿ ಕೊಟ್ಟರೆ ತೆರಿಗೆ ತಪ್ಪದೆಂದು, ಬಿಚ್ಚುವ ಕೈಪಿಡಿ ಕೊಟ್ಟು ಅದನ್ನು ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಲು ಬಿಡುತ್ತಿದ್ದರೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಕಾನೂನಿನ ಅಂಚಿನಲ್ಲಿ ನಡೆಯುವ ಈ ಚಾಳಿ ಕಡೆಯವರೆಗೂ ಆತನನ್ನು ಬಿಡಲಿಲ್ಲ.

ಹೊರಗಿನವರೂ ಸಲಹೆ ಕೇಳತೊಡಗಿದರು. ವ್ಯಾನ್‌ವಾಲ್ ತಂಡಕ್ಕೆ ಆತ ಹೊಸ ಚಾಸಿ ಮತ್ತು ಸಸ್ಪೆನ್ಷನ್ ರೂಪಿಸಿಕೊಟ್ಟ. ಫಾರ್ಮುಲಾ ಒನ್ ತಂಡಗಳಿಗೆ 1958ರಲ್ಲಿ ಮೊದಲ ಬಾರಿಗೆ ಏರ್ಪಟ್ಟ ವಿಶ್ವ ಪ್ರಶಸ್ತಿ ಆ ತಂಡಕ್ಕೇ ಸಂದಿತು. ಒಂದು ಭಾಗದಿಂದ ಎರಡು ಕೆಲಸ ಮಾಡಿಸಿದರೆ ಇನ್ನೊಂದು ಭಾಗದ ತೂಕ ಉಳಿಯಿತೆಂಬುದು ಆತನ ವಿಚಾರದ ತಿರುಳು. ಹಿಂಗಾಲಿಯನ್ನು ತಿರುಗಿಸುವ ದಂಡವೇ ಗಾಲಿಯನ್ನು ಹಿಡಿದಿಡುವ ತೋಳೂ ಆಗಲಿ ಎಂದು ಆತ ರೂಪಿಸಿದ ಹಿಂಬದಿ ಸಸ್ಪೆನ್ಷನ್‌ಗೆ ಚಾಪ್‌ಮನ್ ಸ್ಟ್ರಟ್ ಎಂದೇ ಹೆಸರಾಯಿತು. ಎರಡು ಕೆಲಸದ ಭಾಗವೊಂದು ಮುರಿದರೆ ಎರಡೂ ಕೆಲಸ ಒಟ್ಟಿಗೇ ನಿಲ್ಲುತ್ತವೆಂಬುದು ಆ ವಿಚಾರದ ಮತ್ತೊಂದು ಮುಖ.

ಆ ಮುಖ 1960ರಲ್ಲಿ ಕಂಡಿತು. ಮೇ 29ರಂದು ಮೊನಾಕೊದಲ್ಲಿ ಸ್ಟರ್ಲಿಂಗ್ ಮಾಸ್ ಲೋಟಸ್ ಕಾರಿಗೆ ಮೊದಲ ಗ್ರ್ಯಾನ್ ಪ್ರಿ ಜಯ ತಂದುಕೊಟ್ಟ. ಮೂರು ವಾರ ಕಳೆಯುವಷ್ಟರಲ್ಲಿ, ಬೆಲ್ಜಿಯಂನ ಸ್ಪಾ ಪಥದ ಅಭ್ಯಾಸದಲ್ಲಿ ಅದೇ ಮಾದರಿಯ ಕಾರಿನ ಹಿಂಗಾಲಿ ಓಡುತ್ತಿದ್ದಂತೆಯೇ ಕಳಚಿಹೋಯಿತು. ಮಾಸ್‌ನ ಎರಡೂ ಕಾಲುಗಳು ಮುರಿದವು. ಅದೇ ಅಭ್ಯಾಸದಲ್ಲಿ ಮೈಕ್ ಟೇಲರ್ ಎಂಬ ಯುವ ಚಾಲಕನ ಲೋಟಸ್‌ನ ಸ್ಟಿಯರಿಂಗ್ ದಂಡದ ಬೆಸುಗೆ ಬಿಟ್ಟಿತು. ಕಾರು ಪಥ ಬಿಟ್ಟು ಮರಗಳಿಗೆ ಅಪ್ಪಳಿಸಿತು. ಟೇಲರ್ ಬದುಕಿದ, ಆದರೆ ಮತ್ತೆ ಗ್ರ್ಯಾನ್ ಪ್ರಿ ಓಡಿಸಲಿಲ್ಲ. ನ್ಯಾಯಾಲಯದ ಮೊರೆಹೊಕ್ಕು ಲೋಟಸ್‌ನಿಂದ ಪರಿಹಾರ ಪಡೆದ. ಎತ್ತಿನ ಬಂಡಿಯ ಕಡೆಗೀಲು ದಾರಿಯಲ್ಲಿ ಕಳಚಿದರೆ ಏನಾಗುವುದೆಂದು ರೈತನಿಗೆ ತಿಳಿದಿದೆ. ಇಲ್ಲಿನ ವ್ಯತ್ಯಾಸ ವೇಗದ್ದು ಮಾತ್ರ.

ಆದರೆ ರಸ್ತೆಯ ವಾಹನ ಇಟ್ಟುಕೊಂಡವರು ಗಮನಿಸಬೇಕಾದ ಅಧ್ಯಾಯ ಪಂದ್ಯದ ಪಥದ್ದಲ್ಲ. ಅದು ಲೋಟಸ್ ಕಾರ್ಟಿನಾದ್ದು.

ಫೋರ್ಡ್ ಕಂಪನಿ ತನ್ನ ಸಾಧಾರಣ ಸಂಸಾರದ ಕಾರು ಕಾರ್ಟಿನಾವನ್ನು ಪಂದ್ಯಕ್ಕೆ ಹದಗೊಳಿಸುವ ಹೊಣೆಯನ್ನು ಚಾಪ್‌ಮನ್‌ಗೆ ವಹಿಸಿತು. 1963ರಲ್ಲಿ ಕಾರು ಹೊರಬಂತು. ಮೂಲ ಕಾರಿನ ಹಿಂಬದಿಯಲ್ಲಿದ್ದದ್ದು ನಮ್ಮ ಜೀಪು-ಲಾರಿಗಳಲ್ಲಿರುವಂತಹ ಪಾಟಾ ಕಮಾನು. ಆತ ಅದನ್ನು ಕಿತ್ತು ಸುರುಳಿ ಸ್ಪ್ರಿಂಗ್ ಕೂಡಿಸಿದ. ಆಕ್ಸಲ್ ಅಕ್ಕಪಕ್ಕ ಜರುಗದಂತೆ ತಡೆಯಲು ಇಂಗ್ಲಿಷಿನ ‘ಎ’ ಅಕ್ಷರದ ಆಕಾರದ ಚೌಕಟ್ಟೊಂದನ್ನು ಡಿಫರೆನ್ಷಿಯಲ್ ಪೆಟ್ಟಿಗೆಯ ತಳಕ್ಕೆ ಬಿಗಿದ. ಕಾಗದದ ಮೇಲೆ ಲೆಕ್ಕ ಸೊಗಸಾಗಿತ್ತು. 1964ರಲ್ಲಿ ಜಿಮ್ ಕ್ಲಾರ್ಕ್ ಒಂದು ಮುಂಗಾಲಿಯನ್ನು ಗಾಳಿಯಲ್ಲಿ ಎತ್ತಿಕೊಂಡೇ ತಿರುವುಗಳನ್ನು ದಾಟುತ್ತ ಈ ಕಾರಿನಲ್ಲಿ ಬ್ರಿಟಿಷ್ ಸಲೂನ್ ಕಾರು ಪ್ರಶಸ್ತಿ ಗೆದ್ದ.

ಕೊಂಡವರ ಅನುಭವ ಬೇರೆಯಾಗಿತ್ತು. ಡಿಫರೆನ್ಷಿಯಲ್ ಪೆಟ್ಟಿಗೆಯ ಕೆಲಸ ಗೇರುಗಳನ್ನು ಎಣ್ಣೆಯಲ್ಲಿ ಮುಚ್ಚಿಡುವುದೇ ಹೊರತು ಗಾಡಿಯ ಪಕ್ಕದ ಒತ್ತಡ ಹೊರುವುದಲ್ಲ. ಚೌಕಟ್ಟು ಆ ಹೊರೆಯನ್ನೂ ಅದರ ಮೇಲೆ ಹೇರಿತು. ಪ್ರತಿ ತಿರುವಿನ ಎಳೆತಕ್ಕೂ ಬೋಲ್ಟುಗಳು ಸಡಿಲಗೊಂಡವು, ಎಣ್ಣೆ ಸೋರಿತು. ಸೋರಿದ ಎಣ್ಣೆ ಕೆಳಗಿದ್ದ ಚೌಕಟ್ಟಿನ ರಬ್ಬರ್ ಬುಷ್‌ಗಳ ಮೇಲೇ ಸುರಿದು ಅವು ಮೆತ್ತಗಾದವು. ಬುಷ್ ಸಡಿಲವಾದರೆ ಆಕ್ಸಲ್ ಅಲುಗುತ್ತದೆ, ಆಕ್ಸಲ್ ಅಲುಗಿದರೆ ಬೋಲ್ಟು ಇನ್ನಷ್ಟು ಸಡಿಲವಾಗುತ್ತದೆ. ಪಂದ್ಯದ ಕಾರಿಗೆ ಇದರಿಂದ ದೊಡ್ಡ ತೊಡಕಿರಲಿಲ್ಲ. ಪ್ರತಿ ಓಟದ ನಂತರ ಮೆಕ್ಯಾನಿಕರು ಅದನ್ನು ಬಿಚ್ಚಿ, ನೋಡಿ, ಸವೆದದ್ದನ್ನು ಬದಲಿಸುತ್ತಿದ್ದರು. ಕಚೇರಿಗೆ ಹೋಗಿಬರುವ ಗುಮಾಸ್ತನ ಕಾರನ್ನು ಯಾರು ಹಾಗೆ ವಾರಕ್ಕೊಮ್ಮೆ ಬಿಚ್ಚಿಯಾರು? 1965ರ ಜೂನ್ ಹೊತ್ತಿಗೆ ಆ ಚೌಕಟ್ಟನ್ನು ಕೈಬಿಟ್ಟು ಮತ್ತೆ ಪಾಟಾ ಕಮಾನನ್ನೇ ಅಳವಡಿಸಲಾಯಿತು.

ಜಗತ್ತಿನ ಮೇಧಾವಿ ಎಂಜಿನಿಯರನೊಬ್ಬ, ಕಾರು ತಯಾರಿಸಿದ ಕಂಪನಿಯ ಸಹಕಾರದಿಂದಲೇ ಮಾಡಿದ ಮಾರ್ಪಾಡಿನ ಕಥೆ ಇದು. ಅಳತೆಪಟ್ಟಿ, ವೆಲ್ಡಿಂಗ್ ಯಂತ್ರ ಇವೆರಡನ್ನೇ ನಂಬಿದ ಮಾರ್ಪಾಡಿನ ಗತಿ ಹೇಳಬೇಕಿಲ್ಲ. ಗಾಡಿಯನ್ನು ಎತ್ತರಿಸಿದಾಗ ಸ್ಟಿಯರಿಂಗ್‌ನ ಕೊಂಡಿಗಳು, ಬಾಲ್ ಜಾಯಿಂಟುಗಳು ತಮಗೆ ಗೊತ್ತುಮಾಡಿದ ಕೋನವನ್ನು ಮೀರಿ ದುಡಿಯಬೇಕಾಗುತ್ತದೆ, ಗುರುತ್ವ ಕೇಂದ್ರ ಮೇಲೇರಿ ಪಲ್ಟಿಯ ಭಯ ಹೆಚ್ಚುತ್ತದೆ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದರೆ ತಗ್ಗಿನ ಹೊಡೆತ ನುಂಗಲು ಜಾಗವೇ ಉಳಿಯದೆ ಪೆಟ್ಟು ನೇರವಾಗಿ ಚಾಸಿಗೆ ತಗಲುತ್ತದೆ. ಬೆಸುಗೆಯ ಕಾವು ತಗಲಿದ ಸ್ಪ್ರಿಂಗ್ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ತಂತಿಯೊಂದನ್ನು ಅತ್ತಿತ್ತ ಮಣಿಸುತ್ತ ಹೋದರೆ ಅದು ಕಡೆಗೆ ತುಂಡಾಗುವಂತೆ, ಲಕ್ಷಾಂತರ ಸಣ್ಣ ಹೊಡೆತಗಳಿಂದ ಕಬ್ಬಿಣದೊಳಗೆ ಕೂದಲೆಳೆಯ ಬಿರುಕು ಹುಟ್ಟಿ ಬೆಳೆಯುತ್ತದೆ. ಬಣ್ಣದಡಿಯ ಆ ಬಿರುಕು ಕಾಣಿಸುವುದಿಲ್ಲ. ಗ್ಯಾರೇಜಿನಿಂದ ಹೊರಬಿದ್ದ ದಿನ ಗಾಡಿ ಚೆನ್ನಾಗಿಯೇ ಓಡುತ್ತದೆ. ಮುರಿಯುವುದು ತಿಂಗಳುಗಳ ಮೇಲೆ, ಅದೂ ಹೆಚ್ಚಿನ ಹೊರೆ ಬಿದ್ದ ಗಳಿಗೆಯಲ್ಲಿ, ಎಂದರೆ ತಿರುವಿನಲ್ಲಿ ಇಲ್ಲವೆ ಬ್ರೇಕ್ ಒತ್ತಿದಾಗ. ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ.

ಚಾಪ್‌ಮನ್‌ನ ಪಾಲಿಗೆ ಅರವತ್ತರ ದಶಕ ವೈಭವದ ಕಾಲ. 1962ರ ಲೋಟಸ್ 25 ಕಾರಿನಲ್ಲಿ ಆತ ಕೊಳವೆಗಳ ಚೌಕಟ್ಟನ್ನು ಕೈಬಿಟ್ಟು, ವಿಮಾನದಂತೆ ಹೊರಮೈಯೇ ಭಾರ ಹೊರುವ ಒಡಲು ಕಟ್ಟಿದ. ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ವಿಶ್ವ ಚಾಂಪಿಯನ್ ಆದ. 1966ರಲ್ಲಿ ಸಂಸ್ಥೆ ನಾರ್ಫೋಕ್‌ನ ಹೆಥೆಲ್ ಎಂಬಲ್ಲಿದ್ದ ಹಳೆಯ ವಿಮಾನ ನಿಲ್ದಾಣಕ್ಕೆ ಸ್ಥಳಾಂತರಗೊಂಡಿತು. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಕ್ಲಾರ್ಕ್‌ನ ಕಾರು ಮರಗಳಿಗೆ ಅಪ್ಪಳಿಸಿ ಆತ ಅಸುನೀಗಿದ. ಟೈರಿನ ಗಾಳಿ ಇಳಿದಿರಬೇಕೆಂದೇ ಹೆಚ್ಚಿನವರ ಊಹೆ. ಸೋದರನಂತಿದ್ದ ಚಾಲಕನನ್ನು ಕಳೆದುಕೊಂಡ ಚಾಪ್‌ಮನ್ ಕುಗ್ಗಿಹೋದ. ಆದರೂ ನಿಲ್ಲಲಿಲ್ಲ. ಆ ವರ್ಷ ಗ್ರಹಾಂ ಹಿಲ್ ಲೋಟಸ್‌ಗೆ ಮತ್ತೊಂದು ವಿಶ್ವ ಪ್ರಶಸ್ತಿ ತಂದ.

ಅದೇ ಹೊತ್ತಿಗೆ ಕಾರುಗಳ ಮೇಲೆ ರೆಕ್ಕೆ ಮೂಡಿದ್ದವು. ಗಾಳಿಯ ಬಲದಿಂದ ಗಾಲಿಯನ್ನು ನೆಲಕ್ಕೆ ಒತ್ತುವ ಈ ರೆಕ್ಕೆಗಳನ್ನು ಚಾಪ್‌ಮನ್ ಉದ್ದನೆಯ ಸಪೂರ ಕಂಬಗಳ ಮೇಲೆ ನಿಲ್ಲಿಸಿ ನೇರವಾಗಿ ಹಿಂಗಾಲಿಯ ಸಸ್ಪೆನ್ಷನ್‌ಗೇ ಬಿಗಿದ. 1969ರ ಮೇ 4ರಂದು ಬಾರ್ಸಿಲೋನಾದ ಮೊಂಜುಯಿಕ್ ಪಥದಲ್ಲಿ ಮೊದಲು ಹಿಲ್‌ನ, ತುಸು ಹೊತ್ತಿನಲ್ಲೇ ಯೋಕೆನ್ ರಿಂಟ್‌ನ ಕಾರಿನ ರೆಕ್ಕೆ ಮುರಿಯಿತು. ಒಂದೇ ಸ್ಥಳ, ಒಂದೇ ಬಗೆಯ ಅಪಘಾತ. ರಿಂಟ್ ಗಾಯಗೊಂಡು ಆಸ್ಪತ್ರೆ ಸೇರಿದ. ಎರಡು ವಾರದೊಳಗೆ ಮೊನಾಕೊದಲ್ಲಿ ಅಂತಹ ಎತ್ತರದ ರೆಕ್ಕೆಗಳಿಗೆ ನಿಷೇಧ ಬಿತ್ತು. ಆಸ್ಟ್ರಿಯದ ಪರ ಓಡಿಸುತ್ತಿದ್ದ ರಿಂಟ್ ಚಾಪ್‌ಮನ್‌ಗೆ ಪತ್ರ ಬರೆದು, ದುರ್ಬಲ ಭಾಗಗಳಿಗೆ ಒಂದಿಷ್ಟು ತೂಕ ಸೇರಿಸಿ ಗಟ್ಟಿಗೊಳಿಸುವಂತೆ ಕೇಳಿಕೊಂಡ.

1970ರಲ್ಲಿ ಲೋಟಸ್ 72 ಬಂತು. ಗಾಲಿಯ ತೂಕ ಇಳಿದರೆ ಸಸ್ಪೆನ್ಷನ್ ಚುರುಕಾಗುತ್ತದೆಂದು ಚಾಪ್‌ಮನ್ ಮುಂಗಾಲಿಯ ಬ್ರೇಕುಗಳನ್ನು ಗಾಲಿಯಿಂದ ತೆಗೆದು ಕಾರಿನ ಒಡಲೊಳಗೆ ಇರಿಸಿದ. ಗಾಲಿಗೂ ಬ್ರೇಕಿಗೂ ಸಂಬಂಧ ಒಂದು ಟೊಳ್ಳು ದಂಡದ ಮೂಲಕ. ರಿಂಟ್ ಆ ಋತುವಿನಲ್ಲಿ ಐದು ಪಂದ್ಯ ಗೆದ್ದ. ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸ ನಡೆಸುವಾಗ ಪ್ಯಾರಬೋಲಿಕಾ ತಿರುವಿಗೆ ಮುನ್ನ ಬ್ರೇಕ್ ಒತ್ತಿದೊಡನೆ ಕಾರು ಎಡಕ್ಕೆ ಎಳೆದು ತಡೆಗೋಡೆಗೆ ನುಗ್ಗಿತು. ಬಲಬದಿಯ ಮುಂದಿನ ಬ್ರೇಕ್ ದಂಡ ಮುರಿದಿತ್ತು. ತಡೆಗೋಡೆಯೂ ಸರಿಯಾಗಿ ನಿಲ್ಲಿಸಿದ್ದಾಗಿರಲಿಲ್ಲ. ರಿಂಟ್ ಉಳಿಯಲಿಲ್ಲ. ಆತ ಗಳಿಸಿದ್ದ 45 ಅಂಕಗಳನ್ನು ಉಳಿದ ಪಂದ್ಯಗಳಲ್ಲಿ ಯಾರೂ ದಾಟಲಾಗದೆ, ಮರಣಾನಂತರ ವಿಶ್ವ ಚಾಂಪಿಯನ್ ಆದ ಏಕೈಕ ಚಾಲಕನೆನಿಸಿದ. ಇಟಲಿಯಲ್ಲಿ ವರ್ಷಗಟ್ಟಲೆ ನಡೆದ ಮೊಕದ್ದಮೆಯಲ್ಲಿ ಚಾಪ್‌ಮನ್ ದೋಷಮುಕ್ತನಾದ. ಕಾನೂನು ಬಿಟ್ಟಿತು, ಪ್ರಶ್ನೆ ಬಿಡಲಿಲ್ಲ.

1978ರಲ್ಲಿ ಕಾರಿನ ಅಡಿಯ ಗಾಳಿಯನ್ನೇ ದುಡಿಸಿಕೊಂಡ ಲೋಟಸ್ 79 ಮಾರಿಯೊ ಆಂಡ್ರೆಟ್ಟಿಗೆ ವಿಶ್ವ ಪ್ರಶಸ್ತಿ ತಂದಿತು. ಚಾಪ್‌ಮನ್‌ನ ಜೀವಿತಾವಧಿಯಲ್ಲಿ ತಂಡಕ್ಕೆ ದೊರೆತ ವಿಶ್ವ ಪ್ರಶಸ್ತಿಗಳು ಏಳು, ಚಾಲಕರಿಗೆ ಆರು. ಕಡೆಯ ವರ್ಷಗಳು ಮಾತ್ರ ನೆಮ್ಮದಿಯವಲ್ಲ. ಡಿಲೋರಿಯನ್ ಕಾರು ಸಂಸ್ಥೆಯ ಹಣ ದಾರಿ ತಪ್ಪಿದ ಹಗರಣದಲ್ಲಿ ಆತನ ಹೆಸರು ಕೇಳಿಬಂತು. ಅದೇ ಪ್ರಕರಣದಲ್ಲಿ ಆತನ ಲೆಕ್ಕಪತ್ರ ನೋಡುತ್ತಿದ್ದ ಫ್ರೆಡ್ ಬುಶೆಲ್ 1992ರಲ್ಲಿ ಜೈಲು ಸೇರಿದ.

ಅಷ್ಟರಲ್ಲಿ ಚಾಪ್‌ಮನ್ ಇರಲಿಲ್ಲ. 1982ರ ಡಿಸೆಂಬರ್ 16ರ ನಸುಕಿನಲ್ಲಿ, ಹೃದಯಾಘಾತದಿಂದ, 54ನೇ ವಯಸ್ಸಿನಲ್ಲಿ ಆತ ತೀರಿಕೊಂಡ. ಹೆಥೆಲ್‌ಗೆ ಸಮೀಪದ ಸ್ನೆಟರ್ಟನ್ ಪಥದಲ್ಲಿ ಅದೇ ದಿನ ಲೋಟಸ್‌ನವರು ಹೊಸ ಕಾರೊಂದರ ಪರೀಕ್ಷೆಗೆ ಸಜ್ಜಾಗಿದ್ದರು. ಗಾಲಿಯ ಚಲನೆಯನ್ನು ಸ್ಪ್ರಿಂಗ್‌ಗಳಿಗೆ ಬಿಡದೆ ಕಂಪ್ಯೂಟರ್ ಮತ್ತು ಹೈಡ್ರಾಲಿಕ್ ಒತ್ತಡದಿಂದ ನಿಯಂತ್ರಿಸುವ ಸಕ್ರಿಯ ಸಸ್ಪೆನ್ಷನ್ ಅದರಲ್ಲಿತ್ತು. ಇದೇ ತಂತ್ರದ ಲೋಟಸ್ ಕಾರಿನಲ್ಲಿ ಐರ್ಟನ್ ಸೆನ್ನಾ 1987ರಲ್ಲಿ ಮೊನಾಕೊ ಪಂದ್ಯ ಗೆದ್ದ. 1994ರಿಂದ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಅದನ್ನು ನಿಷೇಧಿಸಲಾಯಿತು.