ನರತಂತುವಿನ ಹಾದಿ

ಸ್ಪೇನ್ ದೇಶದ ಪೆತಿಯಾ ಎಂಬ ಚಿಕ್ಕ ಹಳ್ಳಿಯಲ್ಲಿ 1852ರ ಮೇ 1ರಂದು ಸಾಂತಿಯಾಗೊ ರಮೋನ್ ಇ ಕಹಾಲರು ಜನಿಸಿದರು. ಚಿತ್ರಕಾರನಾಗಬೇಕೆಂಬುದೇ ಬಾಲಕನ ಹಂಬಲ. ಶಸ್ತ್ರವೈದ್ಯನಾದ ತಂದೆಗೆ ಅದು ಒಪ್ಪಿಗೆಯಾಗಲಿಲ್ಲ. ಓದಿನಲ್ಲಿ ಮನಸ್ಸಿಡದ ಮಗನನ್ನು ಆತ ಕೆಲಕಾಲ ಕ್ಷೌರಿಕನೊಬ್ಬನ ಬಳಿ, ಮತ್ತೆ ಕೆಲಕಾಲ ಪಾದರಕ್ಷೆ ಹೊಲಿಯುವವನ ಬಳಿ ಕೆಲಸಕ್ಕಿಟ್ಟನು. ಕಡೆಗೆ ಸ್ಮಶಾನದಿಂದ ಮೂಳೆಗಳನ್ನು ತಂದು ಮಗನಿಂದ ಅವುಗಳ ಚಿತ್ರ ಬರೆಸಿದನು. ಚಿತ್ರದ ಹುಚ್ಚು ಶರೀರಶಾಸ್ತ್ರದ ಕಡೆಗೆ ತಿರುಗಿದ್ದು ಹೀಗೆ.

1873ರಲ್ಲಿ ವೈದ್ಯ ಪದವಿ ಪಡೆದ ಕಹಾಲರು ಸೇನಾವೈದ್ಯರಾಗಿ ಕ್ಯೂಬಾಕ್ಕೆ ಹೋಗಿ, ಮಲೇರಿಯಾದಿಂದ ಜರ್ಝರಿತರಾಗಿ ಮರಳಿದರು. ಮುಂದೆ ಅಧ್ಯಾಪಕರಾದರು.

ಮಿದುಳಿನ ನರಗಳೆಲ್ಲ ಒಂದರೊಡನೊಂದು ಬೆಸೆದುಕೊಂಡ ಅಖಂಡ ಬಲೆಯೆಂದು ಅಂದಿನ ಅನೇಕ ವಿದ್ವಾಂಸರು ನಂಬಿದ್ದರು. ಇಟಲಿಯ ಕಮಿಲ್ಲೊ ಗಾಲ್ಗಿಯವರು ಬೆಳ್ಳಿಯ ಲವಣದಿಂದ ಕೆಲವೇ ನರಕೋಶಗಳಿಗೆ ಪೂರ್ಣವಾಗಿ ಕಪ್ಪುಬಣ್ಣ ಹಿಡಿಸುವ ವಿಧಾನವನ್ನು ಕಂಡುಹಿಡಿದಿದ್ದರು. 1887ರಲ್ಲಿ ಅದನ್ನು ಕಂಡ ಕಹಾಲರು ಬೆರಗಾದರು. ಆದರೆ ಬೆಳೆದ ಮಿದುಳಿನಲ್ಲಿ ನರತಂತುಗಳಿಗೆ ಕೊಬ್ಬಿನ ಹೊದಿಕೆಯಿರುವುದರಿಂದ ಬಣ್ಣ ಸರಿಯಾಗಿ ಹಿಡಿಯದು. ಆದ್ದರಿಂದ ಅವರು ಮೊಟ್ಟೆಯೊಳಗಿನ ಕೋಳಿಮರಿಯ ಭ್ರೂಣವನ್ನು ಆರಿಸಿಕೊಂಡರು. ಅಲ್ಲಿ ಪ್ರತಿಯೊಂದು ನರಕೋಶವೂ ಬಿಡಿಯಾಗಿಯೇ ಕಾಣಿಸಿತು! 1888ರಲ್ಲಿ ಸ್ವಂತ ಖರ್ಚಿನಿಂದ ಪತ್ರಿಕೆಯೊಂದನ್ನು ಅಚ್ಚುಹಾಕಿಸಿ ಪರದೇಶಗಳಿಗೆ ಕಳುಹಿಸಿದರು. ಸ್ಪ್ಯಾನಿಷ್ ಬಲ್ಲವರು ವಿರಳ. ಓದಿದವರು ಇನ್ನೂ ವಿರಳ. ಮರುವರ್ಷ ತಾವೇ ಬರ್ಲಿನ್ನಿಗೆ ಹೋಗಿ, ಹಿರಿಯ ವಿಜ್ಞಾನಿ ಕೋಲಿಕರರನ್ನು ಸೂಕ್ಷ್ಮದರ್ಶಕದ ಬಳಿಗೆ ಕರೆತಂದು ತೋರಿಸಿ ಒಪ್ಪಿಸಿದರು.

ಕೋಶಗಳು ಬಿಡಿಬಿಡಿಯಾದರೆ ಅವುಗಳ ತಂತುಗಳು ದೂರದ ಗುರಿಯನ್ನು ಸೇರುವುದೆಂತು? 1890ರಲ್ಲಿ ಭ್ರೂಣದ ಬೆನ್ನುಹುರಿಯಲ್ಲಿ, ಬೆಳೆಯುತ್ತಿರುವ ತಂತುವಿನ ತುದಿಯಲ್ಲಿ ಶಂಕುವಿನಾಕಾರದ ಉಬ್ಬೊಂದನ್ನು ಅವರು ಕಂಡರು. ನೋಡುತ್ತಿದ್ದುದು ನಿರ್ಜೀವ ತುಣುಕುಗಳನ್ನು, ಚಲನೆ ಕಾಣುವಂತಿರಲಿಲ್ಲ. ಆದರೂ ಬೇರೆಬೇರೆ ವಯಸ್ಸಿನ ಭ್ರೂಣಗಳನ್ನು ಹೋಲಿಸಿ, ಈ ಶಂಕುವೇ ಅಡೆತಡೆಗಳ ನಡುವೆ ನುಸುಳಿ ತಂತುವನ್ನು ಮುಂದೊಯ್ಯುತ್ತದೆಂದು ನಿರ್ಧರಿಸಿದರು. 1892ರಲ್ಲಿ, ಗುರಿಯ ಕಡೆಯಿಂದ ಒಸರುವ ರಾಸಾಯನಿಕಗಳು ಅದನ್ನು ಸೆಳೆಯುತ್ತವೆಂದು ಊಹಿಸಿದರು.

1906ರ ನೊಬೆಲ್ ಪಾರಿತೋಷಕವು ಗಾಲ್ಗಿ ಮತ್ತು ಕಹಾಲ್ ಇಬ್ಬರಿಗೂ ದೊರೆಯಿತು. ವಿಚಿತ್ರವೆಂದರೆ, ಗಾಲ್ಗಿಯವರು ಆ ಸಂದರ್ಭದ ಭಾಷಣದಲ್ಲಿಯೂ ಬಲೆಯ ವಾದವನ್ನೇ ಎತ್ತಿಹಿಡಿದರು. ಮರುವರ್ಷವೇ ಅಮೆರಿಕದ ರಾಸ್ ಹ್ಯಾರಿಸನ್ನರು ಕಪ್ಪೆಯ ಭ್ರೂಣದ ನರವನ್ನು ದ್ರವದ ಹನಿಯಲ್ಲಿ ಬೆಳೆಸಿ, ಅದರ ತುದಿ ಚಲಿಸುವುದನ್ನು ಕಣ್ಣಾರೆ ಕಂಡರು.

ಕಹಾಲರು 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು. ಅವರು ಊಹಿಸಿದಂತಹ ವಸ್ತುವೊಂದನ್ನು 1994ರಲ್ಲಿ ಕೋಳಿಮರಿಯ ಭ್ರೂಣದ ಮಿದುಳಿನಿಂದಲೇ ಬೇರ್ಪಡಿಸಲಾಯಿತು. ಅದಕ್ಕೆ ನೆಟ್ರಿನ್ ಎಂದು ಹೆಸರು. ದಾರಿ ತೋರುವವನೆಂಬ ಅರ್ಥದ ಸಂಸ್ಕೃತದ ನೇತೃ ಶಬ್ದದಿಂದ ಬಂದುದು.